ಸ್ಕಾಟ್ಲೆಂಡಿನ ನೀಲಿ ಬಾನೆಟ್ ಕೈಯಲ್ಲೇ ಹೆಣೆಯೋದು ಹೇಗೆ: ಉಲ್ಲನ್ ಆರಿಸೋದ್ರಿಂದ ಹಿಡಿದು ತಟ್ಟೆ ಮೇಲೆ ಒಣಗಿಸೋವರೆಗೂ

ಬಾನೆಟ್ ಅಂದ್ರೆ ನಮ್ಮಲ್ಲಿ ಮೊದ್ಲು ಕಾರು ನೆನಪಾಗತ್ತೆ, ಆಮೇಲೆ ಮಗೂಗೆ ಗಲ್ಲದ ಕೆಳಗೆ ದಾರ ಕಟ್ಟೋ ಟೋಪಿ. ನಾನು ಹೇಳ್ತಿರೋದು ಅವೆರಡೂ ಅಲ್ಲ. ಸ್ಕಾಟ್ಲೆಂಡಲ್ಲಿ ಸುಮಾರು ಹದಿನಾರನೇ ಶತಮಾನದ ಕೊನೆಯಿಂದ ಹದಿನೆಂಟನೇ ಶತಮಾನದವರೆಗೂ ಹೊಲ ಉಳೋರು, ಕುರಿ ಕಾಯೋರು, ನೇಕಾರರು ಎಲ್ಲಾ ಗಂಡಸರೂ ತಲೆ ಮೇಲೆ ಇಟ್ಕೊಂಡಿದ್ದ ಅಗಲವಾದ, ಚಪ್ಪಟೆಯಾದ, ದಪ್ಪನೆಯ ನೀಲಿ ಉಣ್ಣೆ ಟೋಪಿ. ನೋಡಿದ್ರೆ ಬಟ್ಟೆ ಕತ್ತರಿಸಿ ಹೊಲಿದಿದಾರೆ ಅನ್ಸತ್ತೆ, ಎಲ್ಲೂ ಹೆಣಿಗೆ ಕಾಣಲ್ಲ, ಆದ್ರೆ ಅದು ಪೂರ್ತಿ ಕೈ ಹೆಣಿಗೆ, ಒಂದೇ ಒಂದು ಜೋಡಣೆ ಹೊಲಿಗೆ ಇಲ್ಲ.

ನಾವು ಎರಡು ವರ್ಷ ಸ್ಕಾಟ್ಲೆಂಡಿನ ಏರ್‌ಶೈರ್ ಕಡೆ ಇದ್ವಿ, ಅಲ್ಲೇ ಪಕ್ಕದ ಮನೆ ಅಜ್ಜಿ ಒಬ್ರು ನಂಗೆ ಇದನ್ನ ಕಲಿಸಿದ್ದು. ನಂಗೆ ಸ್ವೆಟರ್ ಹಾಕೋದು ಮೊದ್ಲಿಂದ ಗೊತ್ತಿತ್ತು, ಅದೇ ಧೈರ್ಯದಲ್ಲಿ ಮೊದಲನೇ ಬಾನೆಟ್ಟನ್ನ ನನ್ನ ಯಜಮಾನರ ತಲೆ ಅಳತೆಗೆ ಸರಿಯಾಗಿ ಹೆಣೆದು ತಗೊಂಡು ಹೋದೆ, ಅಜ್ಜಿ ಅದನ್ನ ಕೈಯಲ್ಲಿ ಹಿಡ್ಕೊಂಡು ನೋಡಿ "ಇದು ನೀರಿಂದ ಆಚೆ ಬಂದಾಗ ಬೊಂಬೆಗೆ ಆಗತ್ತೆ" ಅಂದ್ರು, ಹಾಗೇ ಆಯ್ತು. ಇಡೀ ಕೆಲಸದ ಗುಟ್ಟು ಅಲ್ಲೇ ಇದೆ. ಬಾನೆಟ್ಟನ್ನ ಸೂಜಿ ಮೇಲೆ ಅರ್ಧ ಮಾತ್ರ ಮಾಡೋದು, ಇನ್ನರ್ಧ ಬಿಸಿ ನೀರಲ್ಲಿ. ಸೂಜಿಯಿಂದ ಇಳಿಸಿದಾಗ ಅದು ಜೋಲು ಬಿದ್ದ ದೊಡ್ಡ ಚೀಲದ ಹಾಗಿರಬೇಕು, ಚೆನ್ನಾಗಿ ಕಾಣ್ತಿದೆ ಅಂದ್ರೆ ಅಳತೆ ತಪ್ಪಿದೆ ಅಂತಾನೇ ಅರ್ಥ.

ಸ್ವಲ್ಪ ಹಿನ್ನೆಲೆ, ಯಾಕಂದ್ರೆ ಇದು ತಿಳಿದ್ರೆ ಹೆಣಿಗೆ ಸುಲಭ ಆಗತ್ತೆ

ಇದು ಮನೆ ಮೂಲೆಯಲ್ಲಿ ಕೂತು ಹೊತ್ತು ಕಳೆಯೋಕೆ ಮಾಡ್ತಿದ್ದ ಕೆಲಸ ಆಗಿರಲಿಲ್ಲ, ಸಂಘ ಕಟ್ಕೊಂಡು ಮಾಡ್ತಿದ್ದ ಕಸುಬು. ಎಡಿನ್‌ಬರೋದಲ್ಲಿ ಬಾನೆಟ್ ಮಾಡೋರಿಗೆ 1530ರಲ್ಲೇ ಸಂಘದ ಮಾನ್ಯತೆ ಸಿಕ್ಕಿತ್ತು, ಕಿಲ್ಮಾರ್ನಾಕಲ್ಲಿ 1647ರಲ್ಲಿ. ಡಂಡೀ ಊರಿನ ಹಿಲ್‌ಟೌನ್ ಬಡಾವಣೆಗೆ ಹಳೇ ಹೆಸರೇ ಬಾನೆಟ್ ಹಿಲ್, ಆ ದಿಬ್ಬದ ತುಂಬಾ ಬಾನೆಟ್ ಮಾಡೋರೇ ಇದ್ರು ಅಂತ. ಏರ್‌ಶೈರಿನ ಸ್ಟೂಅರ್ಟನ್ ಊರನ್ನ ಈಗಲೂ ಜನ ಬಾನೆಟ್ ಟೂನ್ ಅಂತಾನೇ ಕರೀತಾರೆ, ಅಂದ್ರೆ ಬಾನೆಟ್ ಊರು.

1951ರಲ್ಲಿ ಶೆಟ್‌ಲ್ಯಾಂಡ್ ದ್ವೀಪದ ಗನ್ನಿಸ್ಟರ್ ಹತ್ರ ಉರುವಲಿಗೆ ಪೀಟ್ ಮಣ್ಣು ಅಗೀತಿದ್ದೋರಿಗೆ ಒಬ್ಬ ಗಂಡಸಿನ ಉಡುಪು ಸಿಕ್ತು. ದೇಹ ಹೆಚ್ಚುಕಮ್ಮಿ ಕರಗಿ ಹೋಗಿತ್ತು, ಆದ್ರೆ ಉಣ್ಣೆ ಬಟ್ಟೆ ಎಲ್ಲಾ ಉಳಿದಿತ್ತು: ಹೆಣೆದ ಟೋಪಿಗಳು, ಕಾಲುಚೀಲ, ಕೈಗವಸು, ಒಂದು ಪುಟ್ಟ ಹಣದ ಚೀಲ. ಚೀಲದಲ್ಲಿದ್ದ ನಾಣ್ಯಗಳು 1681ರಿಂದ 1690ರ ಒಳಗಿನವು, ಹಾಗಾಗಿ ಕಾಲ ಗೊತ್ತಾಯ್ತು. ಆ ಬಟ್ಟೆಗಳು ಈಗ ಎಡಿನ್‌ಬರೋದ ನ್ಯಾಷನಲ್ ಮ್ಯೂಸಿಯಂ ಸಂಗ್ರಹದಲ್ಲಿವೆ. ಸುಮಾರು ಇನ್ನೂರೈವತ್ತು ವರ್ಷ ಒದ್ದೆ ಮಣ್ಣಲ್ಲಿ ಉಳಿದ ಹೆಣಿಗೆ ಅಂದ್ರೆ ನನಗೆ ಈಗಲೂ ಮೈ ಜುಮ್ ಅನ್ನತ್ತೆ.

ಆಮೇಲೆ ಹೆಸರುಗಳ ಗೊಂದಲ. ನೀಲಿ ಬಾನೆಟ್ ಅನ್ನೋದು ತಾಯಿ ಇದ್ದ ಹಾಗೆ. ಅದರ ಪಟ್ಟಿಗೆ ರಿಬ್ಬನ್ ಸುತ್ತಿ ಹಿಂದೆ ಎರಡು ಬಾಲ ಬಿಟ್ರೆ ಬಾಲ್ಮೋರಲ್. ದೋಣಿ ಥರ ಉದ್ದಕ್ಕೆ ಮಡಚೋದು ಗ್ಲೆನ್‌ಗ್ಯಾರಿ. ಟ್ಯಾಮ್ ಓ ಶಾಂಟರ್ ಅನ್ನೋ ಹೆಸರು ರಾಬರ್ಟ್ ಬರ್ನ್ಸ್ 1790ರಲ್ಲಿ ಬರೆದ ಕವನದ ನಾಯಕನಿಂದ ಬಂದಿದ್ದು, ಆ ಟ್ಯಾಮ್ ಗುಡುಗು ಮಳೆ ರಾತ್ರೀಲಿ ಕುದುರೆ ಮೇಲೆ ಹೋಗುವಾಗ ತನ್ನ ನೀಲಿ ಬಾನೆಟ್ ಹಾರಿ ಹೋಗದ ಹಾಗೆ ಒತ್ತಿ ಹಿಡ್ಕೊಂಡಿರ್ತಾನೆ. ಟೋಪಿಗೆ ಅವನ ಹೆಸರು ಅಂಟಿದ್ದು ಬಹಳ ಆಮೇಲೆ. ಇಲ್ಲಿ ನಾವು ಮಾಡೋದು ತಾಯಿಯನ್ನ.

ಉಲ್ಲನ್: ಇಲ್ಲಿ ತಪ್ಪಿದ್ರೆ ಮುಂದಿಂದೆಲ್ಲಾ ದಂಡ

ನಮ್ಮೂರ ಅಂಗಡಿಗಳಲ್ಲಿ "ಉಲ್ಲನ್" ಅಂತ ಕೇಳಿದ್ರೆ ಕೊಡೋದ್ರಲ್ಲಿ ಬಹುಪಾಲು ಅಕ್ರಿಲಿಕ್ ಅನ್ನೋ ಕೃತಕ ದಾರ. ಅದು ಎಷ್ಟು ಉಜ್ಜಿದ್ರೂ ಫೆಲ್ಟ್ ಆಗಲ್ಲ, ಅಂದ್ರೆ ಕುಗ್ಗಿ ಒತ್ತಾಗಿ ದಪ್ಪ ಬಟ್ಟೆ ಥರ ಆಗಲ್ಲ. ಕುರಿ ಉಣ್ಣೆಯ ಎಳೆ ಮೇಲೆ ಮೀನಿನ ಹೊರಪೊರೆ ಥರ ಸಣ್ಣ ಸಣ್ಣ ಪದರ ಇರತ್ತೆ, ಬಿಸಿ ನೀರು ಮತ್ತು ಸೋಪಲ್ಲಿ ಎಳೆಗಳು ಒಂದರ ಮೇಲೊಂದು ಜಾರಿ, ಆ ಪದರಗಳು ಹಿಂದಕ್ಕೆ ಬರೋಕೆ ಬಿಡದೆ ಸಿಕ್ಕಿ ಹಾಕ್ಕೊಳತ್ತೆ, ಬಟ್ಟೆ ಕುಗ್ಗಿ ದಪ್ಪ ಆಗತ್ತೆ. ಅಕ್ರಿಲಿಕ್ಕಿಗೆ ಆ ಪದರವೇ ಇಲ್ಲ. ಅಷ್ಟೇ ಅಲ್ಲ, ನೂರಕ್ಕೆ ನೂರು ಉಣ್ಣೆ ಆಗಿದ್ರೂ ಲೇಬಲ್ ಮೇಲೆ ಸೂಪರ್‌ವಾಷ್ ಅಂತಿದ್ರೆ ಬೇಡ, ಮೆಷಿನ್ನಲ್ಲಿ ಒಗೆದ್ರೂ ಕುಗ್ಗಬಾರ್ದು ಅಂತ ಆ ಪದರಗಳನ್ನ ಸವೆಸಿ ಅಥವಾ ಲೇಪ ಹಚ್ಚಿ ಮುಚ್ಚಿರ್ತಾರೆ.

ಲೇಬಲ್ ಇಲ್ದಿದ್ರೆ ಎರಡು ಪರೀಕ್ಷೆ ಮಾಡಿ. ಒಂದು ಗೇಣು ದಾರದ ತುದಿಗೆ ಬೆಂಕಿ ಮುಟ್ಟಿಸಿ (ಸಿಂಕ್ ಹತ್ರ ನಿಂತು, ಚಿಮಟದಲ್ಲಿ ಹಿಡಿದು): ಉಣ್ಣೆ ಆದ್ರೆ ಕೂದಲು ಸುಟ್ಟ ವಾಸನೆ ಬಂದು ತಾನಾಗೇ ಆರತ್ತೆ, ಬೂದಿ ಬೆರಳಲ್ಲಿ ಪುಡಿ ಆಗತ್ತೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿ ಥರ ಆಗತ್ತೆ. ಆದ್ರೆ ಸೂಪರ್‌ವಾಷ್ ಕೂಡ ಈ ಪರೀಕ್ಷೇಲಿ ಪಾಸಾಗತ್ತೆ, ಅದಕ್ಕೇ ಎರಡನೇದು ಬೇಕು. ದಾರದ ಎರಡು ತುದಿಗಳ ಎಳೆ ಸ್ವಲ್ಪ ಬಿಡಿಸಿ, ಒಂದರ ಮೇಲೊಂದು ಇಟ್ಟು, ನೀರು ಹಚ್ಚಿ, ಎರಡು ಅಂಗೈ ನಡುವೆ ಬಿಸಿ ಆಗೋವರೆಗೂ ಬತ್ತಿ ಹೊಸೆಯೋ ಹಾಗೆ ಜೋರಾಗಿ ಹೊಸೀರಿ. ಅರ್ಧ ನಿಮಿಷದಲ್ಲಿ ಕೂಡ್ಕೊಂಡು ಒಂದೇ ದಾರ ಆದ್ರೆ ಅದು ನಿಮ್ಮ ಬಾನೆಟ್ಟಿನ ದಾರ. ಹೊಸ ಉಂಡೆ ಜೋಡಿಸೋಕೂ ಇದೇ ವಿಧಾನ, ಗಂಟು ಹಾಕ್ಲೇಬೇಡಿ, ಫೆಲ್ಟ್ ಆದ್ಮೇಲೆ ಗಂಟು ಹಣೆಗೆ ಒತ್ತತ್ತೆ.

ದಪ್ಪ ಅಂದ್ರೆ ವರ್ಸ್ಟೆಡ್ ದಪ್ಪ, 100 ಗ್ರಾಂಗೆ ಸುಮಾರು 200 ಮೀಟರ್ ಬರೋದು. 150 ಗ್ರಾಂ ತಗೊಳ್ಳಿ, ಸ್ಯಾಂಪಲ್ಲಿಗೆಲ್ಲಾ ಸೇರಿ ಸಾಕಾಗತ್ತೆ. ತುಂಬಾ ಮೆತ್ತಗಿನ ಮೆರಿನೋ ಬೇಗ ಫೆಲ್ಟ್ ಆಗತ್ತೆ, ಸ್ವಲ್ಪ ಒರಟಾದ ಉಣ್ಣೆ ನಿಧಾನ, ಆದ್ರೆ ಒರಟು ಉಣ್ಣೆಯ ಬಾನೆಟ್ ಆಕಾರ ಚೆನ್ನಾಗಿ ಹಿಡ್ಕೊಳತ್ತೆ, ನನಗೆ ಅದೇ ಇಷ್ಟ.

ಬಣ್ಣದ ವಿಷಯ. ಹಳೇ ಕಾಲದಲ್ಲಿ ನೀಲಿ ಬರ್ತಿದ್ದಿದ್ದು ವೋಡ್ ಅನ್ನೋ ಗಿಡದ ಎಲೆಯಿಂದ. ಆಮೇಲೆ ಹಡಗಲ್ಲಿ ನಮ್ಮ ದೇಶದ ನೀಲಿ (ಇಂಡಿಗೊ) ಯುರೋಪಿಗೆ ಹೋಗೋಕೆ ಶುರುವಾಗಿ ಮೆಲ್ಲಗೆ ವೋಡ್ ಜಾಗ ಹಿಡೀತು. ಎರಡು ಗಿಡದಲ್ಲೂ ಬಣ್ಣ ಕೊಡೋ ಅಂಶ ಒಂದೇ, ನಮ್ಮ ನೀಲೀಲಿ ಅದು ಎಷ್ಟೋ ಪಾಲು ಜಾಸ್ತಿ ಅಷ್ಟೇ. ನೀವೇ ನೀಲಿ ಹಾಕೋ ಆಸೆ ಇದ್ರೆ ಒಂದು ಎಚ್ಚರಿಕೆ: ಹತ್ತಿ ಬಟ್ಟೆಗೆ ಹೇಳೋ ಸುಣ್ಣ ಜಾಸ್ತಿ ಹಾಕಿದ ತೊಟ್ಟಿಗೆ ಉಣ್ಣೆ ಅದ್ದಬೇಡಿ, ಕ್ಷಾರ ಜಾಸ್ತಿ ಆದ್ರೆ ಉಣ್ಣೆ ಸಾಯತ್ತೆ. ಮೊದಲನೇ ಸಲ ಕಡು ನೀಲಿ ದಾರಾನೇ ಕೊಂಡ್ಕೊಳ್ಳಿ.

ಸಾಮಾನು

5.5 ಮಿ.ಮೀ. ಸರ್ಕ್ಯುಲರ್ ಸೂಜಿ (ಎರಡು ಸೂಜಿ ನಡುವೆ ಬಾಗೋ ಕೇಬಲ್ ಇರೋದು), 60 ಸೆಂ.ಮೀ. ಉದ್ದದ್ದು. ಅದೇ ರೀತಿ 5 ಮಿ.ಮೀ. ಇನ್ನೊಂದು, ಪಟ್ಟಿಯ ಒಳಭಾಗಕ್ಕೆ. ಕೊನೇಲಿ ಸುತ್ತು ಚಿಕ್ಕದಾದಾಗ ಎರಡೂ ಕಡೆ ಚೂಪಿರೋ 5.5ರ ಐದು ಕಡ್ಡಿ. ಸ್ಕಾಟ್ಲೆಂಡಲ್ಲಿ ಹಳಬರು ಇಡೀ ಬಾನೆಟ್ಟನ್ನ ಈ ಥರ ಕಡ್ಡಿಗಳಲ್ಲೇ ಹೆಣೀತಿದ್ರು, ಅದನ್ನ ವೈರ್ಸ್ ಅಂತಾರೆ, ಶೆಟ್‌ಲ್ಯಾಂಡಲ್ಲಿ ಇವತ್ತಿಗೂ ಸೊಂಟಕ್ಕೆ ಒಂದು ತೂತುಗಳಿರೋ ಚರ್ಮದ ಬೆಲ್ಟ್ ಕಟ್ಕೊಂಡು ಬಲಗಡೆ ಕಡ್ಡಿ ಅದಕ್ಕೆ ಚುಚ್ಚಿ ಹೆಣೆಯೋರಿದಾರೆ, ನೋಡೋಕೆ ಏನು ವೇಗ ಅಂತೀರಾ! ಇನ್ನು ಮಾರ್ಕರ್ (ಗುರುತಿಗೆ ಸೂಜಿಗೆ ಹಾಕೋ ಪುಟ್ಟ ಬಳೆ) 16 ಬೇಕು, ಅದರಲ್ಲಿ ಒಂದು ಬೇರೆ ಬಣ್ಣ, ಬಣ್ಣದ ದಾರದ ತುಂಡು ಕಟ್ಟಿದ್ರೂ ಆಗತ್ತೆ. ಅಳತೆ ಟೇಪು, ದಪ್ಪ ಸೂಜಿ, ಬಕೆಟ್ಟು, ರಬ್ಬರ್ ಗ್ಲೌಸು, ಸೋಪು, 27 ಸೆಂ.ಮೀ. ಅಗಲದ ತೆಳು ತಟ್ಟೆ.

ಸ್ಯಾಂಪಲ್ ಮಾಡದೆ ಶುರು ಮಾಡ್ಬೇಡಿ, ದಯವಿಟ್ಟು

5.5 ಸೂಜೀಲಿ 40 ಸ್ಟಿಚ್ ಹಾಕಿ, ಒಂದು ಸಾಲು ನಿಟ್ (ಸೀದಾ) ಒಂದು ಸಾಲು ಪರ್ಲ್ (ಉಲ್ಟಾ) ಹಾಗೆ 44 ಸಾಲು ಹೆಣೀರಿ, ಸಡಿಲವಾಗಿ ಕೈ ಬಿಟ್ಟು ಹೆಣೀರಿ. ನಮಗೆ ಬೇಕಾಗಿರೋದು 10 ಸೆಂ.ಮೀ.ಗೆ 16 ಸ್ಟಿಚ್, 22 ಸಾಲು. ಹಾಗೆ ಬಂದ್ರೆ ತುಂಡು 25 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರ ಇರತ್ತೆ. ಜಾಳು ಜಾಳಾಗಿ ಆಚೆ ಈಚೆ ಕಾಣತ್ತೆ, ಸರಿಯಾಗಿದೆ. ಬಿಗಿಯಾಗಿ ಹೆಣೆದ್ರೆ ಎಳೆಗೆ ಓಡಾಡೋಕೆ ಜಾಗ ಇರಲ್ಲ, ಫೆಲ್ಟ್ ಆಗೋದು ಬಿಟ್ಟು ಬರೀ ಗಟ್ಟಿ ಆಗತ್ತೆ.

ಈಗ ಆ ತುಂಡನ್ನ ಬಿಸಿ ನೀರು ಸೋಪಲ್ಲಿ (ವಿಧಾನ ಕೆಳಗಿದೆ) ಹೆಣಿಗೆ ಸಾಲು ಕಾಣದ ಹಾಗೆ ಆಗೋವರೆಗೂ ಉಜ್ಜಿ, ಒಣಗಿಸಿ, ಮತ್ತೆ ಅಳೀರಿ. ನನ್ನ ದಾರಕ್ಕೆ 25 ಸೆಂ.ಮೀ. ಅಗಲ 20 ಆಯ್ತು, 20 ಸೆಂ.ಮೀ. ಎತ್ತರ 14 ಆಯ್ತು. ಎತ್ತರ ಯಾವಾಗ್ಲೂ ಅಗಲಕ್ಕಿಂತ ಜಾಸ್ತಿ ಕುಗ್ಗತ್ತೆ, ಗಾಬರಿ ಬೇಡ. ಅಂದ್ರೆ ಅಗಲ 0.8 ಪಾಲು ಉಳೀತು. ತಲೆ ಸುತ್ತಳತೆ 56 ಇದ್ರೆ 56ನ್ನ 0.8ರಿಂದ ಭಾಗಿಸಿ, 70 ಸೆಂ.ಮೀ., ಒಂದು ಸೆಂ.ಮೀ.ಗೆ 1.6 ಸ್ಟಿಚ್, ಒಟ್ಟು 112. ನಿಮ್ಮ ತುಂಡು 21 ಸೆಂ.ಮೀ.ಗೆ ನಿಂತ್ರೆ ಅದೇ ತಲೆಗೆ ಲೆಕ್ಕ 107ರ ಹತ್ರ ಬರತ್ತೆ, 104 ಹಾಕಿ. 19ಕ್ಕೆ ಇಳಿದ್ರೆ 118, ಆಗ 120 ಹಾಕಿ. 104, 112, 120 ಈ ಮೂರಕ್ಕೂ ಕೆಳಗೆ ದಾರಿ ಹೇಳಿದೀನಿ.

ಪಟ್ಟಿ

5 ಮಿ.ಮೀ. ಸೂಜೀಲಿ 112 ಸ್ಟಿಚ್ ಹಾಕಿ, ಸಡಿಲವಾಗಿ. ಎಲ್ಲಾ ಸ್ಟಿಚ್ಚೂ ಒಂದೇ ಕಡೆ ಮುಖ ಮಾಡಿದೆಯಾ ತಿರುಚಿಕೊಂಡಿದೆಯಾ ನೋಡಿ ಆಮೇಲೆ ಸುತ್ತು ಜೋಡಿಸಿ, ಬೇರೆ ಬಣ್ಣದ ಮಾರ್ಕರ್ ಇಡಿ, ಸುತ್ತು ಶುರುವಾಗೋ ಜಾಗ ಅದು. ತಿರುಚಿಕೊಂಡ್ರೆ ಹತ್ತು ಸುತ್ತಾದ್ಮೇಲೆ ಗೊತ್ತಾಗತ್ತೆ, ಆಗ ಬಿಚ್ಚೋದೊಂದೇ ದಾರಿ.

10 ಸುತ್ತು ನಿಟ್ ಹೆಣೀರಿ. 5.5 ಸೂಜಿಗೆ ಬದಲಾಯಿಸಿ. ಒಂದು ಸುತ್ತು ಪೂರ್ತಿ ಪರ್ಲ್, ಮಡಿಕೆ ಅಲ್ಲೇ ಮುರಿಯತ್ತೆ. ಮತ್ತೆ 10 ಸುತ್ತು ನಿಟ್. ಈಗ ಪರ್ಲ್ ಗೆರೆಯಲ್ಲಿ ಒಳಗೆ ಮಡಚಿ, ಸ್ಟಿಚ್ ಹಾಕಿದ ಅಂಚು ಸೂಜಿಯ ಹಿಂದೆ ಬರತ್ತೆ. ಸೂಜಿ ಮೇಲಿನ ಒಂದು ಸ್ಟಿಚ್ಚು, ಅಂಚಿನ ಅದರ ನೇರದ ಒಂದು ಕುಣಿಕೆ, ಎರಡನ್ನೂ ಸೇರಿಸಿ ಒಟ್ಟಿಗೆ ನಿಟ್ ಮಾಡ್ತಾ ಸುತ್ತು ಮುಗಿಸಿ. ನೇರ ತಪ್ಪಿದ್ರೆ ಪಟ್ಟಿ ಓರೆಯಾಗಿ ಹಗ್ಗ ಹೊಸೆದ ಹಾಗೆ ತಿರುಗತ್ತೆ, ಅದಕ್ಕೆ ಪ್ರತಿ ಹತ್ತು ಸ್ಟಿಚ್ಚಿಗೊಂದ್ಸಲ ನಿಲ್ಲಿಸಿ ಕೆಳಗಿಂದ ಒಂದೇ ಕಂಬಸಾಲು ಹಿಡಿದು ಬಂದಿದೀನಾ ನೋಡ್ಕೊಳ್ಳಿ. ಈ ಎರಡು ಪದರದ ಪಟ್ಟಿ ಫೆಲ್ಟ್ ಆದಾಗ ಒಂದಕ್ಕೊಂದು ಅಂಟಿ ಬೆಲ್ಟಿನಷ್ಟು ಗಟ್ಟಿ ಆಗತ್ತೆ, ಗಾಳಿಗೆ ಬಾನೆಟ್ ಹಾರಲ್ಲ.

ಅಗಲ ಮಾಡೋದು

ಈಗ 16 ಭಾಗ, ಭಾಗಕ್ಕೆ 7 ಸ್ಟಿಚ್ಚು, ನಡುನಡುವೆ ಮಾರ್ಕರ್. ಹೆಚ್ಚಿಸೋದು ಅಂದ್ರೆ ಎರಡು ಸ್ಟಿಚ್ ನಡುವೆ ಇರೋ ಅಡ್ಡ ದಾರವನ್ನ ಎಡ ಸೂಜಿ ಮೇಲೆ ಎತ್ತಿ ಅದರ ಹಿಂಬದಿಗೆ ಸೂಜಿ ಹಾಕಿ ನಿಟ್ ಮಾಡೋದು, ಮುಂದಿನಿಂದ ಮಾಡಿದ್ರೆ ತೂತು ಉಳಿಯತ್ತೆ.

ಮೊದಲನೇ ಸುತ್ತು: 7 ನಿಟ್, ಒಂದು ಹೆಚ್ಚಿಸಿ, ಹೀಗೆ ಹದಿನಾರು ಸಲ, 128 ಆಯ್ತು. ಮೂರು ಸುತ್ತು ಸುಮ್ನೆ ನಿಟ್. ಆಮೇಲೆ 8 ನಿಟ್ ಒಂದು ಹೆಚ್ಚು, 144. ಮೂರು ಸುತ್ತು. 9 ನಿಟ್ ಒಂದು ಹೆಚ್ಚು, 160. ಮೂರು ಸುತ್ತು. 10 ನಿಟ್ ಒಂದು ಹೆಚ್ಚು, 176. ಮೂರು ಸುತ್ತು.

104 ಹಾಕಿದೋರು ಮೊದಲನೇ ಸುತ್ತನ್ನ ಮಾತ್ರ ಹೀಗೆ ಮಾಡಿ: 4 ನಿಟ್ ಒಂದು ಹೆಚ್ಚು, 4 ನಿಟ್ ಒಂದು ಹೆಚ್ಚು, 5 ನಿಟ್ ಒಂದು ಹೆಚ್ಚು, ಇದನ್ನೇ ಎಂಟು ಸಲ. 120 ಹಾಕಿದೋರು 15 ನಿಟ್ ಒಂದು ಹೆಚ್ಚು, ಎಂಟು ಸಲ. ಇಬ್ಬರಿಗೂ 128ಕ್ಕೆ ಬಂದು ನಿಲ್ಲತ್ತೆ, ಅಲ್ಲಿಂದ ಭಾಗಕ್ಕೆ 8 ಲೆಕ್ಕದಲ್ಲಿ ಮಾರ್ಕರ್ ಇಟ್ಕೊಂಡು ಎಲ್ಲರ ಜೊತೆ ಸೇರ್ಕೊಳ್ಳಿ.

176 ಸ್ಟಿಚ್ಚು 60 ಸೆಂ.ಮೀ. ಸೂಜೀಲಿ ಕಿಕ್ಕಿರಿದು ತುಂಬಿರತ್ತೆ. ಉದ್ದ ಸೂಜಿಗೆ ಬದಲಾಯಿಸೋ ಅಗತ್ಯ ಇಲ್ಲ, ಒಂದು ಹತ್ತು ಸುತ್ತು ತಡ್ಕೊಂಡ್ರೆ ಸ್ಟಿಚ್ ಕಮ್ಮಿ ಆಗ್ತಾ ಬರತ್ತೆ.

ಮೇಲಿನ ತಟ್ಟೆ

ಇದು, ಅಂದ್ರೆ ಬಾನೆಟ್ಟಿನ ಚಪ್ಪಟೆ ಮೇಲ್ಭಾಗ ಹೆಣೆಯೋದು, ಆರಾಮದ ಕೆಲಸ, ಟೀವಿ ನೋಡ್ತಾ ಮಾಡ್ಬಹುದು. ಪ್ರತಿ ಭಾಗದ ಕೊನೇ ಎರಡು ಸ್ಟಿಚ್ಚನ್ನ ಸೇರಿಸಿ ಒಂದು ಮಾಡೋದು. ಮೊದಲು 9 ನಿಟ್ ಮತ್ತೆ ಎರಡು ಸೇರಿಸಿ ಒಂದು, ಸುತ್ತಿಗೆ 16 ಕಮ್ಮಿಯಾಗಿ 160. ಮೂರು ಸುತ್ತು ಸುಮ್ನೆ. ಆಮೇಲೆ 8 ನಿಟ್ ಎರಡು ಸೇರಿಸಿ, 144. ಮೂರು ಸುತ್ತು. ಹೀಗೇ 7, 6, 5, 4, 3, 2, 1 ಅಂತ ಇಳೀತಾ ಬನ್ನಿ, ಪ್ರತಿ ಸಲ ನಡುವೆ ಮೂರು ಸುತ್ತು. 32 ಉಳಿದಾಗ ಮೂರು ಸುತ್ತಾದ್ಮೇಲೆ ಬರೀ ಎರಡೆರಡು ಸೇರಿಸಿ 16, ಒಂದು ಸುತ್ತು ಸುಮ್ನೆ, ಮತ್ತೆ ಎರಡೆರಡು ಸೇರಿಸಿ 8. ದಾರ ಒಂದು ಮೊಳ ಬಿಟ್ಟು ಕತ್ತರಿಸಿ, ದಪ್ಪ ಸೂಜಿಗೆ ಪೋಣಿಸಿ ಎಂಟು ಕುಣಿಕೆಯಲ್ಲೂ ಎರಡು ಸಲ ಹಾಯಿಸಿ ಬಿಗಿಯಾಗಿ ಎಳೆದು ಒಳಗೆ ಹೊಲಿದುಬಿಡಿ. 96ರ ಆಸುಪಾಸಲ್ಲಿ ಸರ್ಕ್ಯುಲರ್ ಸೂಜಿ ಎಳೆಯೋಕೆ ಶುರುವಾಗತ್ತೆ, ಆಗ ಕಡ್ಡಿಗಳಿಗೆ ವರ್ಗಾಯಿಸಿ.

ಕೆಲವ್ರು ಎಂಟೇ ಭಾಗ ಮಾಡಿ ಸುತ್ತು ಬಿಟ್ಟು ಸುತ್ತು ಕಮ್ಮಿ ಮಾಡ್ತಾರೆ, ಅದೂ ಚಪ್ಪಟೆ ಬರತ್ತೆ, ಆದ್ರೆ ಎಂಟು ಮೂಲೆ ಎದ್ದು ಕಾಣತ್ತೆ, ಈಗಿನ ಫ್ಯಾಷನ್ ಟ್ಯಾಮ್‌ಗಳಿಗೆ ಅದು ಚೆಂದ. ಹಳೇ ಬಾನೆಟ್ಟಿನ ದುಂಡು ಬೇಕು ಅಂದ್ರೆ ಹದಿನಾರೇ ಸರಿ.

ಸೂಜಿಯಿಂದ ಬಂದದ್ದನ್ನ ನೆಲದ ಮೇಲೆ ಹರಡಿ ನೋಡಿ, ಸುಮಾರು 35 ಸೆಂ.ಮೀ. ಅಗಲ, ತಲೆಗೆ ಹಾಕ್ಕೊಂಡ್ರೆ ಕಣ್ಣು ಮೂಗು ಎಲ್ಲಾ ಮುಚ್ಚಿ ಹೋಗತ್ತೆ. ಒಂದು ಫೋಟೋ ತೆಗೆದಿಟ್ಕೊಳ್ಳಿ.

ನೀರಿನ ಕೆಲಸ

ಸ್ಕಾಟ್ಸ್ ಭಾಷೇಲಿ ಇದನ್ನ ವಾಕಿಂಗ್ ಅಂತಾರೆ, ಹಿಂದೆ ಬಟ್ಟೆ ಮೇಲೆ ಹತ್ತಿ ತುಳೀತಿದ್ರು, ವಾಕರ್ ಅನ್ನೋ ಮನೆತನದ ಹೆಸರು ಹುಟ್ಟಿದ್ದೇ ಆ ಕಸುಬಿಂದ. ಹಳಬರು ಸೋಪಿನ ಜಾಗದಲ್ಲಿ ಹಳಸಿದ ಮೂತ್ರ ಬಳಸ್ತಿದ್ರು, ಅದರ ಅಮೋನಿಯಾ ಉಣ್ಣೆ ಜಿಡ್ಡು ತೆಗೀತಿತ್ತು. ನಮಗೆ ಸಾದಾ ಸ್ನಾನದ ಸೋಪು ಸಾಕು, ಅರ್ಧ ಸೋಪು ತುರಿದು ಒಂದು ಲೋಟ ಬಿಸಿ ನೀರಲ್ಲಿ ಕರಗಿಸಿ ಲೋಳೆ ಮಾಡಿಟ್ಕೊಳ್ಳಿ. ಬಟ್ಟೆ ಒಗೆಯೋ ಪುಡಿ ಬೇಡ, ಅದರ ಕ್ಷಾರ ಉಣ್ಣೆಗೆ ತುಂಬಾ ಜಾಸ್ತಿ.

ಬಕೆಟ್ಟಲ್ಲಿ ಗೀಸರ್ ನೀರಿಗೆ ಕುದಿಯೋ ನೀರು ಸೇರಿಸಿ, ಗ್ಲೌಸ್ ಇಲ್ಲದ ಕೈ ಇಡೋಕಾಗದಷ್ಟು ಬಿಸಿ ಇರಲಿ, ಸುಮಾರು 60 ಡಿಗ್ರಿ. ಬಾನೆಟ್ಟನ್ನ ಹತ್ತು ನಿಮಿಷ ಸುಮ್ನೆ ನೆನೆಸಿ. ತೆಗೆದು ಹಿಂಡಿ, ಸೋಪಿನ ಲೋಳೆ ಎರಡೂ ಕಡೆ ಹಚ್ಚಿ. ಆಮೇಲೆ ಉಜ್ಜೋದು. ಏರ್‌ಶೈರಲ್ಲಿ ಆ ಅಜ್ಜಿ ಹತ್ರ ಗೆರೆ ಗೆರೆ ಇರೋ ಹಳೇ ಮರದ ಹಲಗೆ ಇತ್ತು. ಬೆಂಗಳೂರಿಗೆ ವಾಪಸ್ ಬಂದ್ಮೇಲೆ ನಾನು ಟೆರೇಸಿನ ಒಗೆಯೋ ಕಲ್ಲಲ್ಲೇ ಮಾಡೋದು, ಅದಕ್ಕಿಂತ ಒಳ್ಳೇ ಸಾಧನ ನಂಗೆ ಎಲ್ಲೂ ಸಿಕ್ಕಿಲ್ಲ. ಆದ್ರೆ ಸೀರೆ ಸೆಣೆಯೋ ಹಾಗೆ ಎತ್ತಿ ಬಡೀಬೇಡಿ! ಬಡಿದ್ರೆ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಕುಗ್ಗತ್ತೆ. ಕಲ್ಲಿನ ಮೇಲೆ ಚಪ್ಪಟೆ ಇಟ್ಟು, ಮೊದಲ ಐದು ನಿಮಿಷ ಅಂಗೈಯಲ್ಲಿ ಹಗುರವಾಗಿ ಸುತ್ತ ಸುತ್ತ ಉಜ್ಜಿ, ಎಳೆಗಳು ಹಿಡ್ಕೊಳ್ಳೋಕೆ ಶುರುವಾದ್ಮೇಲೆ ಚಪಾತಿ ಹಿಟ್ಟು ನಾದೋ ಹಾಗೆ ಭಾರ ಬಿಟ್ಟು ನಾದಿ.

ಪ್ರತಿ ಐದು ನಿಮಿಷಕ್ಕೊಂದ್ಸಲ ನಿಲ್ಲಿಸಿ ಮೂರು ಕೆಲಸ ಮಾಡ್ಬೇಕು. ಪಟ್ಟಿಯೊಳಗಿಂದ ಕೈ ಹಾಕಿ ಮೇಲಿನ ತಟ್ಟೆ ಮತ್ತೆ ಕೆಳಗಿನ ಭಾಗ ಒಂದಕ್ಕೊಂದು ಅಂಟ್ಕೊಳ್ತಿದ್ರೆ ಮೆಲ್ಲಗೆ ಬಿಡಿಸ್ಬೇಕು, ಇದನ್ನ ಮರೆತ್ರೆ ಬಾನೆಟ್ ಒಳಗೇ ಮುಚ್ಚಿ ಹೋಗತ್ತೆ, ಆಮೇಲೆ ಬಿಡಿಸೋಕಾಗಲ್ಲ. ಮಡಿಕೆ ಬಿದ್ದ ಜಾಗ ಬದಲಾಯಿಸ್ಬೇಕು, ಒಂದೇ ಮಡಿಕೇಲಿ ಉಜ್ಜಿದ್ರೆ ಆ ಗೆರೆ ಶಾಶ್ವತ. ನೀರು ತಣ್ಣಗಾಗಿದ್ರೆ ಮತ್ತೆ ಬಿಸಿ ನೀರಲ್ಲಿ ಅದ್ದಬೇಕು. ನಡುವೆ ಒಂದೆರಡು ಸಲ ತಣ್ಣೀರಲ್ಲಿ ಮುಳುಗಿಸಿ ಮತ್ತೆ ಬಿಸಿಗೆ ಹಾಕಿದ್ರೆ ಬೇಗ ಹಿಡಿಯತ್ತೆ.

ಮೊದಲ ಕಾಲು ಗಂಟೆ ಏನೂ ಆಗಲ್ಲ, ಇನ್ನೂ ದೊಡ್ಡದಾದ ಹಾಗೆ ಕಾಣತ್ತೆ, ನೀರು ಕುಡಿದು ಜೋತಾಡತ್ತೆ. ಎಷ್ಟೋ ಜನ ಅಲ್ಲೇ ಕೈ ಬಿಡ್ತಾರೆ. ಮುಂದುವರೆಸಿ. ಇಪ್ಪತ್ತು ನಿಮಿಷದ ಆಚೆ ಯಾವಾಗ್ಲೋ ಬಟ್ಟೆ ಅಂಗೈ ಕೆಳಗೆ ಬದಲಾಗತ್ತೆ, ಜಾರೋದು ನಿಂತು ಒಂದು ಥರ ಹಿಡಿತ ಬರತ್ತೆ, ಮೇಲೆ ಸಣ್ಣ ನವಿರು ಏಳತ್ತೆ, ಹೆಣಿಗೆ ಸಾಲುಗಳು ಮಸುಕಾಗ್ತಾ ಹೋಗತ್ತೆ. ಆ ಗಳಿಗೆಗೋಸ್ಕರವೇ ನಾನು ಈ ಕೆಲಸ ಮಾಡೋದು ಅಂದ್ರೂ ಸರಿ. ಅಲ್ಲಿಂದ ಎಲ್ಲಾ ಬೇಗ ಬೇಗ ಆಗತ್ತೆ, ಹಾಗಾಗಿ ಪಟ್ಟಿಯನ್ನ ಎರಡೆರಡು ನಿಮಿಷಕ್ಕೆ ಅಳೀತಾ ಇರಿ. ಒಟ್ಟು 40 ನಿಮಿಷದಿಂದ ಒಂದು ಗಂಟೆ ಹಿಡಿಯತ್ತೆ. ಪಟ್ಟಿ 57ಕ್ಕೆ ಬಂದಾಗ, ಅಂದ್ರೆ ಬೇಕಾದ್ದಕ್ಕಿಂತ ಒಂದು ಸೆಂ.ಮೀ. ಮುಂಚೆ ನಿಲ್ಲಿಸಿ, ಯಾಕಂದ್ರೆ ಫೆಲ್ಟ್ ಆಗಿದ್ದನ್ನ ವಾಪಸ್ ತರೋಕಾಗಲ್ಲ, ಇನ್ನೊಂಚೂರು ಕುಗ್ಗಿಸೋದು ಯಾವಾಗ ಬೇಕಾದ್ರೂ ಮಾಡ್ಬಹುದು. ಪಟ್ಟಿ ಸರಿಯಾಯ್ತು ಮೇಲಿನ ತಟ್ಟೆ ಇನ್ನೂ ಜಾಳಾಗಿದೆ ಅಂದ್ರೆ ತಟ್ಟೆಗೆ ಮಾತ್ರ ಸೋಪು ಹಚ್ಚಿ ಅದನ್ನೇ ಉಜ್ಜಿ.

ವಾಷಿಂಗ್ ಮೆಷಿನ್ನಲ್ಲಿ ಹಾಕ್ಬಹುದಾ? ಬಿಸಿ ನೀರಿನ ಸೆಟ್ಟಿಂಗ್ ಇದ್ರೆ ದಿಂಬಿನ ಕವರಲ್ಲಿ ಕಟ್ಟಿ, ಒಂದೆರಡು ಹಳೇ ಜೀನ್ಸ್ ಜೊತೆ ಹಾಕ್ಬಹುದು. ಆದ್ರೆ ನಡುವೆ ಬಾಗಿಲು ತೆಗೆಯೋಕಾಗದ ಮೆಷಿನ್ ಆದ್ರೆ ಬೇಡ, ನೋಡದೆ ಬಿಟ್ಟ ಹತ್ತು ನಿಮಿಷದಲ್ಲಿ ಎರಡು ವಾರದ ಹೆಣಿಗೆ ಹೋಗತ್ತೆ.

ಸೋಪು ಹೋಗೋವರೆಗೂ ಜಾಲಿಸಿ, ಕೊನೇ ನೀರಿಗೆ ಒಂದು ಚಮಚ ವಿನೆಗರ್. ತಿರುಚಿ ಹಿಂಡಬೇಡಿ, ಟವೆಲ್ಲಲ್ಲಿ ಸುತ್ತಿ ಮೇಲೆ ಹತ್ತಿ ನಿಂತ್ರೆ ನೀರು ಬಿಡತ್ತೆ.

ತಟ್ಟೆ ಮೇಲೆ

ಒದ್ದೆ ಇರುವಾಗ್ಲೇ 27 ಸೆಂ.ಮೀ. ತಟ್ಟೆಯನ್ನ ಪಟ್ಟಿಯೊಳಗಿಂದ ಅಡ್ಡಡ್ಡ ತೂರಿಸಿ. ಊಟದ ತಟ್ಟೆ ಮೇಲೆ ಹಾಕಿ ಒಣಗಿಸೋದು ಅಲ್ಲಿನ ಮನೆಮನೆಯ ಹಳೇ ಪದ್ಧತಿ. 57 ಸೆಂ.ಮೀ. ಪಟ್ಟೀಲಿ 27ರ ತಟ್ಟೆ ಹೋಗೋದು ಬಿಗಿ, ಆದ್ರೆ ಹೋಗತ್ತೆ, ಅಂಚು ಎತ್ತರ ಇರೋ ಸ್ಟೀಲ್ ತಟ್ಟೆ ಮಾತ್ರ ಸಿಕ್ಕಿ ಹಾಕ್ಕೊಳತ್ತೆ. ಚಪ್ಪಟೆ ತಟ್ಟೆ ಇಲ್ದಿದ್ರೆ ದಪ್ಪ ರಟ್ಟನ್ನ ದುಂಡಗೆ ಕತ್ತರಿಸಿ ಪ್ಲಾಸ್ಟಿಕ್ ಕವರ್ ಸುತ್ತಿ, ಸ್ವಲ್ಪ ಬಗ್ಗಿಸಿ ತೂರಿಸಿದ್ರೆ ಇನ್ನೂ ಸಲೀಸು. ಅಂಚನ್ನ ಸುತ್ತಲೂ ಬೆರಳಲ್ಲಿ ಎಳೆದು ದುಂಡು ಮಾಡಿ, ಪಟ್ಟಿ ಮೇಲೆ ಬರೋ ಹಾಗೆ ಒಂದು ಡಬ್ಬಿ ಮೇಲೆ ಕವುಚಿಟ್ಟು ನೆರಳಲ್ಲಿ ಒಣಗಿಸಿ. ಎರಡು ದಿನ, ಮಳೆಗಾಲದಲ್ಲಿ ಫ್ಯಾನ್ ಹಾಕಿ ನಾಲ್ಕು ದಿನ.

ಒಣಗಿದ್ಮೇಲೆ ಹಳೇ ಕಸುಬಿನೋರು ಟೀಸೆಲ್ ಅನ್ನೋ ಮುಳ್ಳುಕಾಯಿಂದ ಬಾಚಿ ನವಿರು ಎಬ್ಬಿಸಿ ಕತ್ತರಿಯಲ್ಲಿ ಸಮ ಮಾಡ್ತಿದ್ರು, ಮಳೆ ಹನಿ ಅದರ ಮೇಲೆ ನಿಂತು ಜಾರಿ ಹೋಗತ್ತೆ. ಬಟ್ಟೆ ಉಜ್ಜೋ ಬ್ರಷ್ಷಲ್ಲಿ ನಡುವಿಂದ ಅಂಚಿಗೆ ಬಾಚಿದ್ರೂ ಸಾಕು.

ಟೂರಿ ಮತ್ತೆ ರಿಬ್ಬನ್

ನಡುವಿನ ಉಂಡೆಗೆ ಟೂರಿ ಅಂತಾರೆ. ಎಂಟು ಕುಣಿಕೆ ಎಳೆದು ಮುಚ್ಚಿದ ಜಾಗ ಎಷ್ಟು ಫೆಲ್ಟ್ ಆದ್ರೂ ಚುಕ್ಕೆ ಥರ ಉಳಿಯತ್ತೆ, ಅದನ್ನ ಟೂರಿ ಮುಚ್ಚತ್ತೆ. 4 ಸೆಂ.ಮೀ.ಯ ಎರಡು ರಟ್ಟಿನ ಬಳೆ ಕತ್ತರಿಸಿ ಜೋಡಿಸಿ, ಕೆಂಪು ಉಲ್ಲನ್ ತೂತು ತುಂಬೋವರೆಗೂ ಸುತ್ತಿ, ಅಂಚಲ್ಲಿ ಕತ್ತರಿಸಿ, ಎರಡು ರಟ್ಟಿನ ನಡುವೆ ಗಟ್ಟಿ ದಾರ ಕಟ್ಟಿ, ರಟ್ಟು ಹರಿದು ತೆಗೀರಿ. ಇದಕ್ಕೆ ಅಕ್ರಿಲಿಕ್ ಆದ್ರೂ ನಡಿಯತ್ತೆ. ಟೂರೀನ ಫೆಲ್ಟ್ ಮಾಡೋ ಮುಂಚೆ ಹೊಲೀಬೇಡಿ, ಉಣ್ಣೆ ಟೂರಿ ಆದ್ರೆ ಗೋಲಿ ಆಗಿಹೋಗತ್ತೆ.

ಬಾಲ್ಮೋರಲ್ ಥರ ಬೇಕು ಅಂದ್ರೆ ಪಟ್ಟಿಗೆ 2 ಸೆಂ.ಮೀ.ಯ ಕಪ್ಪು ರಿಬ್ಬನ್ ಕೈಯಲ್ಲಿ ಹೊಲಿದು ಹಿಂದೆ ಎರಡು ಬಾಲ ಬಿಡಿ. 1745ರ ದಂಗೇಲಿ ಪ್ರಿನ್ಸ್ ಚಾರ್ಲ್ಸ್ ಎಡ್ವರ್ಡ್ ಸ್ಟೂಅರ್ಟ್ ಪರ ನಿಂತ ಜ್ಯಾಕೊಬೈಟರು (ಸ್ಟೂಅರ್ಟ್ ಮನೆತನಕ್ಕೆ ಬ್ರಿಟನ್ ಸಿಂಹಾಸನ ವಾಪಸ್ ಸಿಗಬೇಕು ಅಂದೋರು) ಇದೇ ನೀಲಿ ಬಾನೆಟ್ ಮೇಲೆ ಬಿಳಿ ರಿಬ್ಬನ್ನಿನ ಹೂವು ಸಿಕ್ಕಿಸ್ಕೊಳ್ತಿದ್ರು, 1746ರ ಏಪ್ರಿಲ್ 16ರಂದು ಕಲೋಡನ್ ಬಯಲಲ್ಲಿ ಸೋತು ನೆಲಕ್ಕೆ ಬಿದ್ದೋರ ಗುರುತು ಅದೇ ಆಗಿತ್ತು. ಹಾಗಾಗಿ ಬಿಳಿ ಹೂವು ಹಾಕೋರು ಅದರ ಹಿಂದಿನ ಕತೆ ತಿಳಿದು ಹಾಕಿ.

ಹಾಕ್ಕೊಳ್ಳುವಾಗ ಪಟ್ಟಿ ಹುಬ್ಬಿಗಿಂತ ಎರಡು ಬೆರಳು ಮೇಲೆ ನೇರವಾಗಿ ಕೂರಲಿ, ಬಾನೆಟ್ಟಿನ ಮೇಲಿನ ತಟ್ಟೆಯನ್ನ ಬಲಗಡೆಗೆ ಎಳೆದು ಕಿವಿ ಕಡೆ ಬಾಗಿಸಿ, ಸ್ಕಾಟಿಷ್ ಸೈನಿಕರು ಎಡಗಡೆ ಬ್ಯಾಡ್ಜ್ ಕಾಣಲಿ ಅಂತ ಹಾಗೇ ಹಾಕೋದು. ಬೇಸಿಗೆಗೆ ಎತ್ತಿಡುವಾಗ ಬೇವಿನ ಎಲೆ ಒಣಗಿಸಿ ಜೊತೆಗಿಡಿ, ಉಣ್ಣೆ ಹುಳ ಮೊದಲು ಹುಡುಕೋದೇ ಇಂಥದ್ದನ್ನ. ಮಳೇಲಿ ಪೂರ್ತಿ ನೆನೆದು ಆಕಾರ ಕೆಟ್ರೆ ಅದೇ ತಟ್ಟೆ ಮತ್ತೆ ತೂರಿಸಿ ಒಂದು ರಾತ್ರಿ ಬಿಡಿ, ಬೆಳಗ್ಗೆ ಮತ್ತೆ ಹಾಕ್ಕೊಂಡು ಹೋಗ್ಬಹುದು.